ಫ್ರಿಜ್ ಬಾಗಿಲಿನ ಡ್ಯೂಟಿ ಪಟ್ಟಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಕೊರೊನಾ ಬಂದ ಆ ವಸಂತದಲ್ಲಿ ಕೋಪದ ಜಾಗಕ್ಕೆ ಹೆದರಿಕೆ ಬಂದು ಕೂತುಬಿಟ್ಟಿತ್ತು. ಬೆಳಿಗ್ಗೆ ಎದ್ದರೆ ಮೊದಲು ಕಿವಿಗೊಡುತ್ತಿದ್ದದ್ದು ಮಗಳ ಉಸಿರಿಗೆ. ಅವಳಿಗೆ ಆಗ ಎಂಟು ವರ್ಷ, ಹುಟ್ಟಿದಾಗಿನಿಂದ ಅಸ್ತಮಾ. ಸಾಧಾರಣ ನೆಗಡಿಗೇ ಎದೆ ಸೀಟಿ ಹೊಡೆಯುತ್ತಿತ್ತು. ಹಿಂದಿನ ಎರಡು ಚಳಿಗಾಲ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ ಹುಡುಗಿ. ಈಗ ಶ್ವಾಸಕೋಶವನ್ನೇ ಹುಡುಕಿಕೊಂಡು ಬರುವ ರೋಗ ಊರಿಗೆ ಬಂದಿತ್ತು, ಅವಳ ಅಪ್ಪ ದಿನಾ ಅದೇ ರೋಗಿಗಳ ನಡುವೆ ನಿಂತು ಮನೆಗೆ ಬರುತ್ತಿದ್ದರು.

ನಮ್ಮ ಮನೆ ಐರ್ಲೆಂಡಿನ ಕಾರ್ಕ್ ಊರಾಚೆ, ರಿಂಗಾಸ್ಕಿಡಿ ಕಡೆಗೆ ಹೋಗುವ ದಾರಿಯಲ್ಲಿ. ನನ್ನ ಗಂಡ ಕಲಬುರಗಿಯವರು, ಅಲ್ಲೇ ಡಾಕ್ಟರ್ ಓದಿದವರು. ಇದೇ ದೇಶದ ಸ್ಲೈಗೋದಲ್ಲಿ ಎರಡು ವರ್ಷ ದುಡಿದು ಕಾರ್ಕಿಗೆ ಬಂದಿದ್ದರು. ನಾನು ಬೆಂಗಳೂರಿನ ಶಿವಾಜಿನಗರದವಳು, ಎಂಟು ಸೀಟಿನ ಪುಟ್ಟ ಖಾಸಗಿ ಜೆಟ್ಟಿನಲ್ಲಿ ಕೋ-ಪೈಲಟ್. ಇದರ ಜೊತೆಗೆ ಇನ್ನೊಂದು ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಇಲ್ಲಿನ ಸೇನೆಗೆ ಒಂದು ಮೀಸಲು ಪಡೆ ಇದೆ. ಬೇರೆ ಉದ್ಯೋಗ ಮಾಡುವವರೇ ವಾರಕ್ಕೊಂದು ಸಂಜೆ, ಕೆಲವು ಶನಿವಾರ ಭಾನುವಾರ ಹೋಗಿ ತರಬೇತಿ ಪಡೆಯುತ್ತಾರೆ. ಈ ದೇಶದ ಪಾಸ್‌ಪೋರ್ಟ್ ಕೈಗೆ ಬಂದ ವರ್ಷವೇ ಅದಕ್ಕೆ ಅರ್ಜಿ ಹಾಕಿದ್ದೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ, ಮದುವೆ ಮನೆಯೊಂದರಲ್ಲಿ ಒಬ್ಬರು, "ನೀನು ದುಡ್ಡಿದ್ದೋರನ್ನ ಮೋಡದ ಮೇಲೆ ಓಡಾಡಿಸೋ ಡ್ರೈವರ್ ತಾನೆ?" ಎಂದು ನಕ್ಕಿದ್ದರು. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಸೇನೆಯಲ್ಲಿ ನನಗೆ ಕೊಟ್ಟದ್ದೂ ಡ್ರೈವರ್ ಕೆಲಸವೇ, ಲಾರಿಯದು.

ಎರಡು ದೋಣಿಯ ಮೇಲೆ ಕಾಲಿಟ್ಟವಳ ಬದುಕು ಹೇಗಿರುತ್ತದೆ ಎಂದು ಕೊರೊನಾಕ್ಕೆ ಮುಂಚಿನ ಚಳಿಗಾಲದಲ್ಲಿ ತಿಳಿಯಿತು. ವಿಮಾನದವರದ್ದು ಒಂದು ಕಟ್ಟುನಿಟ್ಟಾದ ನಿಯಮ. ಒಂದು ಡ್ಯೂಟಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಹನ್ನೆರಡು ಗಂಟೆ ವಿಶ್ರಾಂತಿ ಆಗಿರಲೇಬೇಕು. ಬೇರೆ ಎಲ್ಲಿ ಕೆಲಸ ಮಾಡಿದರೂ ಅದನ್ನು ಕಂಪನಿಗೆ ತಿಳಿಸಬೇಕು. ಡ್ಯೂಟಿ ಹಾಕುವ ಮನುಷ್ಯ ಪ್ರತಿ ತಿಂಗಳೂ, "ನಿನ್ನ ಸೈನ್ಯ ನನ್ನ ಹನ್ನೆರಡು ಗಂಟೆಗೆ ಕೈ ಹಾಕಬಾರದು" ಎನ್ನುತ್ತಿದ್ದ. ಅತ್ತ ನಮ್ಮ ಸಾರ್ಜೆಂಟ್, "ಈ ಶನಿವಾರವಾದರೂ ನಿನ್ನ ಸಾಹುಕಾರರು ನಿನ್ನನ್ನ ಬಿಡ್ತಾರೋ?" ಎಂದು ಕೇಳುತ್ತಿದ್ದರು. ನನ್ನ ಇನ್ನೊಂದು ಕೆಲಸ ಬರೀ ಹವ್ಯಾಸ ಎಂದೇ ಇಬ್ಬರೂ ನಂಬಿದ್ದರು. ಮನೆಯಲ್ಲಿ ಗಂಡ, "ನೀನು ಗೆಸ್ಟ್ ಲೆಕ್ಚರರ್ ಥರ ಬರ್ತೀ ನೋಡು, ಕ್ಲಾಸ್ ಮುಗೀತು ಅಂತ ಹೊರಟೇ ಹೋಗ್ತೀ" ಎಂದು ರೇಗಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ನೀವೇನು ಪರ್ಮನೆಂಟಾ?" ಎನ್ನುತ್ತಿದ್ದೆ.

ಹಾಗಾಗಿ ಅಕ್ಟೋಬರ್ ಕೊನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ದೊಡ್ಡ ಕ್ಯಾಲೆಂಡರ್ ಅಂಟಿಸಿದೆ. ನನ್ನ ವಿಮಾನಕ್ಕೆ ನೀಲಿ, ಸೇನೆಗೆ ಹಸಿರು, ಗಂಡನ ಆಸ್ಪತ್ರೆಗೆ ಕೆಂಪು. ನಾವಿಬ್ಬರೂ ಮನೆಯಲ್ಲಿ ಇಲ್ಲದ ಹೊತ್ತಿಗೆ ಹಳದಿ. ಹಳದಿ ಅಂದರೆ ಪಕ್ಕದ ಮನೆಯ ಅಜ್ಜಿ. ಎಪ್ಪತ್ತೆಂಟು ವರ್ಷದ ಆಕೆ ಹಿತ್ತಲಿನ ಬಾಗಿಲಿನಿಂದ ಬಂದು ಮಗಳ ಜೊತೆ ಕೂತು ಇಸ್ಪೀಟು ಆಡುತ್ತಿದ್ದರು. ಎಲ್ಲ ಹೊತ್ತನ್ನೂ ನಾಲ್ಕು ಅಂಕಿಯಲ್ಲಿ ಬರೆಯುತ್ತಿದ್ದೆ, ಮಧ್ಯಾಹ್ನ ಒಂದೂವರೆ ಅಂದರೆ 1330. ಸೇನೆಯಲ್ಲೂ ಹಾಗೇ, ವಿಮಾನದಲ್ಲೂ ಹಾಗೇ. ಗಂಡನಿಗೂ ಅಭ್ಯಾಸವಾಯಿತು. ಮಗಳಂತೂ ಸ್ಕೂಲಿಗೆ 0840 ಅನ್ನುತ್ತಿದ್ದಳು.

ಮಾರ್ಚ್ ಕೊನೆಗೆ ಸ್ಕೂಲು ಮುಚ್ಚಿತ್ತು. ಎಪ್ಪತ್ತು ದಾಟಿದವರು ಮನೆಯ ಹೊಸಿಲು ದಾಟಬಾರದು ಎಂದು ಸರ್ಕಾರ ಹೇಳಿತು. ನಾನು ಪೆನ್ನು ತೆಗೆದುಕೊಂಡು ಏಪ್ರಿಲ್ ತಿಂಗಳ ಹಳದಿ ಗೆರೆಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದೆ. "ಹಾಗಾದ್ರೆ ಈ ಹೊತ್ತಿಗೆಲ್ಲ ಯಾರು?" ಎಂದು ಗಂಡ ಕೇಳಿದರು. "ನೋಡ್ಕೊಳ್ಳೋಣ ಬಿಡ್ರೀ, ಆ ದಿನ ಬಂದಾಗ" ಎಂದೆ. ಮಗಳು ಅಲ್ಲೇ ಮೇಜಿನ ಹತ್ತಿರ ಕೂತು ಬ್ರೆಡ್ ತಿನ್ನುತ್ತಿದ್ದಳು. ನಮ್ಮ ಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅಪ್ಪಟ ಕಾರ್ಕ್ ರಾಗದಲ್ಲಿ. ಅವತ್ತು ಕ್ಯಾಲೆಂಡರನ್ನೇ ನೋಡುತ್ತಿದ್ದಳು.

ಏಪ್ರಿಲ್ ಮೊದಲ ಮಂಗಳವಾರ ಬೆಳಿಗ್ಗೆ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ, ಔಷಧ ಕಾರ್ಖಾನೆಯ ಯಂತ್ರ ರಿಪೇರಿ ಮಾಡುವ ಇಬ್ಬರು ಇಂಜಿನಿಯರುಗಳನ್ನು ಕರೆತರುವ ಕೆಲಸ. ಇಡೀ ಯುರೋಪಿನ ಆಕಾಶದಲ್ಲಿ ನಮ್ಮದೊಂದೇ ವಿಮಾನವೇನೋ ಅನ್ನುವಷ್ಟು ಮೌನ ರೇಡಿಯೋದಲ್ಲಿ. ಹಿಂದೆ ಕೂತ ಇಬ್ಬರಲ್ಲಿ ಒಬ್ಬಾತ ದಾರಿಯುದ್ದಕ್ಕೂ ಕೆಮ್ಮಿದ. ಪ್ರತಿ ಕೆಮ್ಮಿಗೂ ನನ್ನ ಹೆಗಲು ತಾನೇ ಮೇಲೆ ಹೋಗುತ್ತಿತ್ತು. ಕ್ಯಾಪ್ಟನ್ ಕಾರ್ಕಿನವನೇ, ಒಳ್ಳೆಯ ಮನುಷ್ಯ. "ಅದು ಸಿಗರೇಟಿನ ಕೆಮ್ಮು, ಯೂ ಆರ್ ಗ್ರ್ಯಾಂಡ್" ಎಂದ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಏನೂ ಆಗಿಲ್ಲ, ಆರಾಮ ಎಂದರ್ಥ. ನಾನೇನೂ ಗ್ರ್ಯಾಂಡ್ ಆಗಿರಲಿಲ್ಲ. ಈ ಕೆಮ್ಮನ್ನು ಅಂಗಿಯ ಮೇಲೆ ಹೊತ್ತುಕೊಂಡು ಹೋಗಿ ಮಗಳಿಗೆ ಕೊಡುತ್ತೇನೆ ಎಂದೇ ಇಳಿಯುವವರೆಗೂ ಅನಿಸುತ್ತಿತ್ತು.

ಇಳಿದಾಗ ಎರಡು ಗಂಟೆ. ಎರಡೂ ಹತ್ತಕ್ಕೆ ಫೋನ್ ಆನ್ ಮಾಡಿದೆ. ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಸಾರ್ಜೆಂಟರದ್ದು. ಊರಿನ ಆಟದ ಮೈದಾನದಲ್ಲಿ ಕೋವಿಡ್ ಪರೀಕ್ಷೆಯ ಗುಡಾರ ಹಾಕಿದ್ದರು, ಮೀಸಲು ಪಡೆಯವರು ಅಲ್ಲಿ ಸಹಾಯಕ್ಕಿದ್ದೆವು. ಸ್ಯಾಂಪಲ್ ಪೆಟ್ಟಿಗೆಗಳನ್ನು ಲ್ಯಾಬಿಗೆ ಒಯ್ಯಬೇಕಿದ್ದ ಡ್ರೈವರಿಗೆ ಜ್ವರವಂತೆ, ಒಂದು ಗಂಟೆಯ ಮಟ್ಟಿಗೆ ಯಾರಾದರೂ ಬರುತ್ತೀರಾ ಎಂದು ಕೇಳಿದ್ದರು. "ಇಪ್ಪತ್ತೈದು ನಿಮಿಷದಲ್ಲಿ ಇರ್ತೀನಿ" ಎಂದು ಉತ್ತರ ಹಾಕಿ, ಉಳಿದವನ್ನು ನೋಡದೆ ಫೋನನ್ನು ಚೀಲಕ್ಕೆ ಎಸೆದೆ. ಗಂಡ ಡ್ಯೂಟಿಗೆ ಹೊರಡುವುದು ಅವತ್ತು 1600ಕ್ಕೆ. ಅಲ್ಲಿವರೆಗೆ ಅವರು ಮನೆಯಲ್ಲಿದ್ದಾರೆ, ನಾಲ್ಕರೊಳಗೆ ನಾನು ಮುಟ್ಟುತ್ತೇನೆ, ಹೇಳುವುದೇನಿದೆ ಎಂದುಕೊಂಡೆ. ಹೇಳದೆ ಹೋದದ್ದು ಸೊಕ್ಕು, ಬೇರೆ ಹೆಸರು ಅದಕ್ಕಿಲ್ಲ.

ಪೈಲಟ್ ಅಂಗಿಯ ಮೇಲೆ ಸೇನೆಯ ಜಾಕೆಟ್ ಹಾಕಿಕೊಂಡು ಪೆಟ್ಟಿಗೆಗಳನ್ನು ಲ್ಯಾಬಿಗೆ ಮುಟ್ಟಿಸಿ ಮೈದಾನಕ್ಕೆ ಮರಳಿದಾಗ ನಾಲ್ಕಕ್ಕೆ ಕಾಲು ಗಂಟೆ ಇತ್ತು. ಕಾರಿನ ಕೀಲಿಗಾಗಿ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಮಗಳ ನೀಲಿ ಪಂಪು.

ಉಸಿರು ಕಟ್ಟಿದಾಗ ಬಾಯಿಗೆ ಹೊಡೆದುಕೊಳ್ಳುವ ಆ ಪಂಪು ಮನೆಯಲ್ಲಿ ಇದ್ದದ್ದು ಅದೊಂದೇ. ಜನ ಹೆದರಿ ಕೊಂಡುಕೊಂಡಿದ್ದರಿಂದ ಅಂಗಡಿಗಳಲ್ಲಿ ಅದು ಸಿಗುತ್ತಿರಲಿಲ್ಲ. ಏರ್‌ಪೋರ್ಟ್ ದಾರಿಯ ಔಷಧಿ ಅಂಗಡಿಯವನಿಗೆ ತೋರಿಸಿ ಇಂಥದೇ ಬೇಕು ಎಂದು ಕೇಳೋಣವೆಂದು ಬೆಳಿಗ್ಗೆ ಜೇಬಿಗೆ ಹಾಕಿಕೊಂಡವಳು ನಾನೇ. ಅಂಗಡಿ ತೆರೆದೇ ಇರಲಿಲ್ಲ. ನಾನು ಮರೆತೆ. ಗಂಡನಿಗೆ ಹೇಳೋಣವೆಂದು ಫೋನ್ ತೆಗೆದೆ. ಆಗ ಅವರ ಸಂದೇಶ ಕಂಡಿತು. ಒಂದು ಐವತ್ತಕ್ಕೆ ಕಳಿಸಿದ್ದು: "ವಾರ್ಡಿಗೆ ಅರ್ಜೆಂಟಾಗಿ ಕರೆದ್ರು. ಹತ್ತು ನಿಮಿಷದಲ್ಲಿ ನೀನು ಬರ್ತೀಯಲ್ಲ, ಹೊರಟೆ. ಬಾಗಿಲು ತೆಗೀಬೇಡ ಅಂತ ಅವಳಿಗೆ ಹೇಳೀನಿ."

ಎರಡು ಸಲ ಓದಿದೆ. ಹತ್ತು ನಿಮಿಷ ಅನ್ನುವುದು ಎಲ್ಲಿಂದ ಬಂತು ಎಂದೇ ಹೊಳೆಯಲಿಲ್ಲ. ಎರಡು ಗಂಟೆಯ ಹತ್ತಿರ ಹತ್ತಿರ ಹೊತ್ತು ಮಗಳು ಒಬ್ಬಳೇ. ಇಂಜಿನ್ನಿಗೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವಳು, ಕಾರಿನ ಬಾಗಿಲು ತೆಗೆಯಲು ಮೂರು ಸಲ ತಡವರಿಸಿದೆ. ಗಂಡನಿಗೆ ಫೋನ್ ಮಾಡಿದೆ, ರಿಂಗಾಗುತ್ತಲೇ ಇತ್ತು. ವಾರ್ಡಿನೊಳಗೆ ಹೋಗುವಾಗ ಅವರು ಫೋನನ್ನು ಲಾಕರಿನಲ್ಲಿ ಇಡುತ್ತಿದ್ದರು. ಮನೆಯ ಟ್ಯಾಬಿಗೆ ಮಾಡಿದೆ, ಅದು ಆಫ್. ಕೊನೆಗೆ ಪಕ್ಕದ ಮನೆಯ ಅಜ್ಜಿಗೆ ಮಾಡಿ, "ಸುಮ್ಮನೆ ಕಿಟಕಿಯಿಂದ ಇಣುಕಿ ನೋಡ್ತೀರಾ?" ಎಂದೆ. ನನ್ನ ದನಿ ಕೇಳಿಯೇ ಆಕೆಗೆ ಅರ್ಥವಾಯಿತು. ಹತ್ತು ದಿನದಿಂದ ಹೊಸಿಲು ದಾಟದ ಹೆಂಗಸು ಚಪ್ಪಲಿಯಲ್ಲೇ ಹೊರಟರು. ಅವರ ಏದುಸಿರು ಫೋನಿನಲ್ಲಿ ಕೇಳುತ್ತಿತ್ತು.

"ಕಾಣಿಸ್ತಿದ್ದಾಳೆ. ಮೆಟ್ಟಿಲ ಮೇಲೆ ಕೂತಿದ್ದಾಳೆ" ಎಂದರು. "ಕೈ ಬೀಸಿದೆ. ಅವಳೂ ಬೀಸಿದಳು. ಬಾಗಿಲು ತೆಗೆ ಅಂದ್ರೆ ತಲೆ ಅಲ್ಲಾಡಿಸ್ತಾಳೆ, ತೆಗೆಯಲ್ಲ."

"ಹೇಗೆ ಕೂತಿದ್ದಾಳೆ?"

"ತುಂಬಾ ನೆಟ್ಟಗೆ. ಎರಡೂ ಕೈ ಮೊಣಕಾಲ ಮೇಲೆ ಊರಿಕೊಂಡು. ಯಾಕೆ?"

ಎದೆ ಕಟ್ಟಿದ ಮಕ್ಕಳು ಹಾಗೇ ಕೂರುತ್ತವೆ. ಗಾಳಿ ಒಳಗೆ ಹೋಗಲೆಂದು ಬೆನ್ನು ನೆಟ್ಟಗೆ ಮಾಡಿ, ಕೈ ಮೊಣಕಾಲಿಗೆ ಊರಿ, ಮಾತಾಡದೆ. ಹಿಂದಿನ ಚಳಿಗಾಲ ಆಂಬ್ಯುಲೆನ್ಸ್ ಬರುವವರೆಗೂ ಅವಳು ಕೂತದ್ದು ಹಾಗೆಯೇ, ಅದೇ ಮೆಟ್ಟಿಲ ಮೇಲೆ. ಅಜ್ಜಿಗೆ, "ಅವಳು ಮಾತಾಡ್ತಾಳಾ ನೋಡಿ, ತುಟಿ ನೀಲಿಯಾದ್ರೆ ತಕ್ಷಣ ಆಂಬ್ಯುಲೆನ್ಸಿಗೆ ಫೋನ್ ಮಾಡಿ" ಎಂದಷ್ಟೇ ಹೇಳಿ ಕಾರು ಓಡಿಸಿದೆ. ನನ್ನ ಅಮ್ಮಿ ಕಲಿಸಿದ ದುವಾ ಬಾಯಿಗೆ ಬರುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಊರ ಹೊರಗೆ ಗಾರ್ಡಾ, ಅಂದರೆ ಇಲ್ಲಿನ ಪೊಲೀಸರು, ಕಾರುಗಳನ್ನು ತಡೆದು ಎಲ್ಲಿಗೆ, ಯಾಕೆ ಎಂದು ಕೇಳುತ್ತಿದ್ದರು. ನನ್ನ ಮುಂದೆ ಆರು ಕಾರು. ನನ್ನ ಸರದಿ ಬಂದಾಗ ಆ ಹುಡುಗ ಪೊಲೀಸು ಸೇನೆಯ ಜಾಕೆಟ್ ನೋಡಿದ, ಅದರೊಳಗೆ ಇಣುಕುತ್ತಿದ್ದ ಪೈಲಟ್ ಅಂಗಿ, ಟೈ ನೋಡಿದ. "ಇವೆರಡರಲ್ಲಿ ನೀವು ಯಾರು?" ಎಂದು ತಮಾಷೆಗೆ ಕೇಳಿದ. ನಾನು ಕೈಯಲ್ಲಿ ಹಿಡಿದೇ ಇದ್ದ ನೀಲಿ ಪಂಪನ್ನು ಎತ್ತಿ ತೋರಿಸಿ, "ಮಗಳು ಮನೆಯಲ್ಲಿ ಒಬ್ಬಳೇ ಇದ್ದಾಳೆ" ಎಂದೆ. ಅವನು ನಗು ನಿಲ್ಲಿಸಿ ದಾರಿ ಬಿಟ್ಟ.

ಮನೆ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಅಜ್ಜಿ ಕಿಟಕಿಯ ಹೊರಗೆ ಗಾಜಿಗೆ ಅಂಗೈ ಹಚ್ಚಿ ನಿಂತೇ ಇದ್ದರು. ಬಾಗಿಲು ತೆಗೆದು ಒಳಗೆ ನುಗ್ಗಿದೆ. ಕೈ ತೊಳೆಯಬೇಕು, ಬಟ್ಟೆ ಬದಲಿಸಬೇಕು, ಕೆಮ್ಮಿದವನ ಜೊತೆ ಹಾರಿಬಂದವಳು ಹತ್ತಿರ ಹೋಗಬಾರದು ಅನ್ನುವುದೆಲ್ಲ ಮರೆತೇ ಹೋಯಿತು. ಅವಳ ಎದೆಗೆ ಕಿವಿ ಇಟ್ಟೆ. ಬೆನ್ನಿಗೆ ಇಟ್ಟೆ. ಏನೂ ಇಲ್ಲ. ಸೀಟಿ ಇಲ್ಲ, ಗೊರಗೊರ ಇಲ್ಲ, ಉಸಿರು ಸಲೀಸಾಗಿ ಆಡುತ್ತಿತ್ತು. ಸ್ಕೂಲಿನ ಕೋಟು ತೊಟ್ಟಿದ್ದಳು, ಶೂ ಲೇಸು ಕಟ್ಟಿದ್ದಳು, ತಲೆ ನೀಟಾಗಿ ಬಾಚಿಕೊಂಡಿದ್ದಳು.

"ಹಾಗ್ಯಾಕೆ ನೆಟ್ಟಗೆ ಕೂತಿದ್ದೆ ಬೇಟಾ? ಎದೆ ನೋವಾಗ್ತಿತ್ತಾ?"

"ನೋ, ಐ'ಮ್ ಗ್ರ್ಯಾಂಡ್" ಎಂದಳು. "ಐ ವಾಸ್ ಆನ್ ಸ್ಟ್ಯಾಂಡ್‌ಬೈ, ಅಮ್ಮಿ."

ಸ್ಟ್ಯಾಂಡ್‌ಬೈ ಅಂದರೆ ನನಗೆ ಕಂಪನಿಯಿಂದ ಕರೆ ಬರಬಹುದಾದ ದಿನ. ಆ ದಿನ ನಾನು ಅದೇ ಮೆಟ್ಟಿಲ ಮೇಲೆ, ಶೂ ಕಟ್ಟಿಕೊಂಡು, ಕೈ ಮೊಣಕಾಲ ಮೇಲಿಟ್ಟುಕೊಂಡು ಫೋನಿಗೆ ಕಾಯುತ್ತೇನೆ. ಅದನ್ನೇ ನೋಡಿ ಕಲಿತಿದ್ದಳು. ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ. ಹೊರಗೆ ಅಜ್ಜಿ ಗಾಜಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿ ತಮ್ಮ ಮನೆಗೆ ಹೋದರು.

ಐದು ಗಂಟೆಗೆ ಗಂಡನ ಫೋನ್ ಬಂತು. ನಾನು ಬಾಯಿಗೆ ಬಂದಂತೆ ಬೈದೆ. "ಎಂಟು ವರ್ಷದ ಮಗೂನ ಬಿಟ್ಟು ಹೋಗ್ತಾರೇನ್ರೀ? ಬುದ್ಧಿ ಎಲ್ಲಿಟ್ಟಿದ್ರಿ?" ಎಂದೆ. ಅವರು, "ಕ್ಯಾಲೆಂಡರ್ ನೋಡೇ ಹೊರಟೆ ನಾನು. ನಿನ್ನ ಡ್ಯೂಟಿ 1330ಕ್ಕೆ ಮುಗೀತದ ಅಂತ ನೀನೇ ಬರೆದೀಯಲ್ಲ. ಅರ್ಧ ಗಂಟೆ ದಾರಿ. ಎರಡಕ್ಕೆ ಮನೆ. ನೀನು ಬಂದೇ ಇರ್ಲಿಲ್ಲೇನು?" ಎಂದರು.

ನಾನು ಫೋನ್ ಹಿಡಿದುಕೊಂಡೇ ಫ್ರಿಜ್ಜಿನ ಮುಂದೆ ನಿಂತೆ. ನೀಲಿ ಮಸಿಯಲ್ಲಿ, ನನ್ನದೇ ಅಕ್ಷರದಲ್ಲಿ, 1330. ವಿಮಾನದವರ ಪಟ್ಟಿ ಎಲ್ಲ ದೇಶಕ್ಕೂ ಒಂದೇ ಗಡಿಯಾರದಲ್ಲಿ ಬರುತ್ತದೆ, ಅದಕ್ಕೆ ನಾವು ಝುಲು ಟೈಮ್ ಅನ್ನುತ್ತೇವೆ. ಚಳಿಗಾಲದಲ್ಲಿ ಐರ್ಲೆಂಡಿನ ಗಡಿಯಾರವೂ ಝುಲುವೂ ಒಂದೇ. ಮಾರ್ಚ್ ಕೊನೆಯ ಭಾನುವಾರ ಈ ದೇಶ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತದೆ, ಝುಲು ಅಲ್ಲೇ ಉಳಿಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಅದೇ ನನ್ನ ಕಸುಬು. ನಾನು ಹೊರಡುವುದು ಫೋನಿನ ಪಟ್ಟಿ ನೋಡಿ, ಹಾಗಾಗಿ ಒಂದು ದಿನವೂ ತಡವಾಗಿರಲಿಲ್ಲ. ಆದರೆ ಅಕ್ಟೋಬರಿನಿಂದ ಮಾಡಿದ ಹಾಗೇ ಏಪ್ರಿಲ್ ಪಟ್ಟಿಯನ್ನೂ ಕಣ್ಣು ಮುಚ್ಚಿ ಕ್ಯಾಲೆಂಡರಿಗೆ ಇಳಿಸಿದ್ದೆ. ಕೆಂಪು, ಹಸಿರು ಎಲ್ಲ ಈ ಊರಿನ ಗಂಟೆ, ನೀಲಿಯೊಂದೇ ಝುಲು. ಆ 1330 ಅಂದರೆ ಈ ಊರಿನಲ್ಲಿ ಎರಡೂವರೆ. ಆ ಒಂದು ಗಂಟೆ ನನ್ನ ತಪ್ಪು, ಲ್ಯಾಬಿಗೆ ಓಡಾಡಿದ ಹೊತ್ತೂ ನನ್ನದೇ. "ತಪ್ಪು ನಂದು ರೀ" ಎಂದೆ. ಮದುವೆಯಾದ ಮೇಲೆ ನಾನು ಹಾಗೆ ಹೇಳಿದ್ದನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಫೋನ್ ಇಟ್ಟ ಮೇಲೆ ಇನ್ನೂ ಹತ್ತಿರ ಬಗ್ಗಿ ನೋಡಿದೆ. ನೀಲಿ, ಕೆಂಪು, ಹಸಿರು, ಹಳದಿಯ ನಡುವೆ ಐದನೆಯ ಬಣ್ಣವೊಂದಿತ್ತು. ಬಣ್ಣವೂ ಅಲ್ಲ, ಪೆನ್ಸಿಲ್. ನಾನು ಹೊಡೆದುಹಾಕಿದ ಪ್ರತಿ ಹಳದಿ ಗೆರೆಯ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ "ಮೀ", ಅಂದರೆ ನಾನು, ಎಂದು ಬರೆದಿತ್ತು. ಇವತ್ತಿನ ಚೌಕದಲ್ಲಿ ಹಳದಿ ಇರಲಿಲ್ಲ, ಆದರೂ "1350" ಎಂದು ಬರೆದು, ಒಂದು ಅಡ್ಡ ಗೆರೆ ಎಳೆದು, ಮುಂದೆ ಖಾಲಿ ಬಿಟ್ಟಿದ್ದಳು. ಬುಧವಾರ ಒಂದು. ಶನಿವಾರ ಎರಡು. ತಿಂಗಳ ಕೊನೆಯವರೆಗೆ ಒಂಬತ್ತು ಕಡೆ. ಆ ದಿನ ಬಂದಾಗ ನೋಡಿಕೊಳ್ಳೋಣ ಎಂದು ನಾವು ಬಿಟ್ಟ ಅಷ್ಟೂ ಹೊತ್ತಿಗೆ ನಮ್ಮ ಮಗಳು ತನ್ನನ್ನೇ ಡ್ಯೂಟಿಗೆ ಹಾಕಿಕೊಂಡಿದ್ದಳು.

ಅವಳು ಪಕ್ಕಕ್ಕೆ ಬಂದು ನಿಂತು ಪೆನ್ಸಿಲ್ ಚಾಚಿದಳು. "ಎಷ್ಟು ಗಂಟೆಗೆ ಬಂದೆ ನೀನು? ನಾನು ಮುಗಿದ ಹೊತ್ತು ಹಾಕಬೇಕು" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬರೆಯದೆ ಬೇರೆ ದಾರಿ ಇರಲಿಲ್ಲ. 1620 ಎಂದು ಬರೆದೆ. ಅವಳು ತುಟಿ ಅಲ್ಲಾಡಿಸುತ್ತ ಬೆರಳಿನಲ್ಲಿ ಎಣಿಸತೊಡಗಿದಳು. ಐದು, ಆರು, ಏಳು. ಹನ್ನೆರಡು ಬೆರಳು ಇಲ್ಲದ್ದಕ್ಕೆ ನನ್ನ ಕೈಯ ಎರಡು ಬೆರಳನ್ನೂ ಹಿಡಿದು ಎಣಿಸಿದಳು.

"ಹನ್ನೆರಡು ಗಂಟೆ ರೆಸ್ಟ್ ಅಂದ್ರೆ ಬೆಳಿಗ್ಗೆ ನಾಲ್ಕೂ ಇಪ್ಪತ್ತು" ಎಂದಳು. "ಸೋ ಐ'ಮ್ ಲೀಗಲ್ ಫಾರ್ ಸೆವೆನ್ ಟುಮಾರೋ."

ಲೀಗಲ್ ಅಂದರೆ ನಿಯಮದ ವಿಶ್ರಾಂತಿ ಮುಗಿದು ಮತ್ತೆ ಡ್ಯೂಟಿಗೆ ಹತ್ತಬಹುದು ಎಂದು, ಪೈಲಟ್‌ಗಳ ಮಾತು. ನಾಳೆಯ ಚೌಕ ನೋಡಿದೆ. ಬೆಳಿಗ್ಗೆ 0700ಕ್ಕೆ ನಾನು ಗುಡಾರಕ್ಕೆ ಹೊರಡಬೇಕು. ರಾತ್ರಿ ಪಾಳಿ ಮುಗಿಸಿ ಗಂಡ ಬರುವುದು 0830. ನಡುವೆ ಹೊಡೆದುಹಾಕಿದ ಹಳದಿ, ಅದರ ಕೆಳಗೆ ಪೆನ್ಸಿಲ್.

ನಾನು ಮೇಜಿನ ಮೇಲಿದ್ದ ರಬ್ಬರ್ ತೆಗೆದುಕೊಂಡು ಆ ಪೆನ್ಸಿಲ್ ಅಕ್ಷರವನ್ನು ಉಜ್ಜತೊಡಗಿದೆ. ಅಷ್ಟು ಹೊತ್ತು, ಎರಡೂವರೆ ಗಂಟೆ ಒಬ್ಬಳೇ ಕೂತಾಗಲೂ ಅಳದವಳು, ಆಗ ಅತ್ತಳು. ನನ್ನ ಕೈ ಹಿಡಿದು ಜಗ್ಗಿ, ಬಿಕ್ಕುತ್ತ, ತಾನು ಡ್ಯೂಟಿ ಸರಿಯಾಗಿ ಮಾಡಲಿಲ್ಲವಾ ಎಂದು ಕೇಳಿದಳು.

"ಸರಿಯಾಗೇ ಮಾಡಿದೆ, ನನ್ನ ಬಂಗಾರ" ಎಂದೆ. ರಬ್ಬರ್ ಕೆಳಗಿಟ್ಟು, ಹಸಿರು ಪೆನ್ನು ತೆಗೆದು ನಾಳೆಯ ನನ್ನ ಗೆರೆಯನ್ನು ಹೊಡೆದುಹಾಕಿದೆ. ಆಮೇಲೆ ಅವಳ ಎದುರಿಗೇ ಸಾರ್ಜೆಂಟಿಗೆ ಫೋನ್ ಮಾಡಿ, ನಾಳೆ ಬರುವುದಿಲ್ಲ, ಸ್ಕೂಲು ತೆರೆಯುವವರೆಗೂ ಬರುವುದಿಲ್ಲ ಎಂದು ಹೇಳಿದೆ.